ಮೊದಲು ವ್ಯಾಟ್ ಲೆಕ್ಕ, ಆಮೇಲೆ ಪ್ರೊಸೆಸರ್

12 ಅಕ್ಟೋಬರ್ 2024, ಶನಿವಾರ

ಕಂಪ್ಯೂಟರ್ ಅಪ್‌ಗ್ರೇಡಿನ ಪಟ್ಟಿ ಇವತ್ತು ಅಂತಿಮವಾಯಿತು. ಯಂತ್ರ ಸದ್ದು ಮಾಡಬಾರದು, ಓವರ್‌ಕ್ಲಾಕಿಗೂ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೂ, ಒಗ್ಗಬೇಕು. ಎರಡನ್ನೂ ಕೆಡಿಸುವುದು ಶಾಖ. ಹಾಗಾಗಿ ಪಟ್ಟಿ ಶುರುವಾಗಬೇಕಾದದ್ದು ಪ್ರೊಸೆಸರಿನ ಹೆಸರಿನಿಂದಲ್ಲ, ವ್ಯಾಟ್‌ನಿಂದ.

ಪ್ರೊಸೆಸರ್ ಎಳೆಯುವ ವಿದ್ಯುತ್ತು ಕ್ಲಾಕ್ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. 5.0ರಿಂದ 5.2 ಗಿಗಾಹರ್ಟ್ಸ್‌ಗೆ ಹೋಗಲು ವೋಲ್ಟೇಜನ್ನು 1.20ರಿಂದ 1.30ಕ್ಕೆ ಏರಿಸಬೇಕಾಯಿತು ಅಂತಿಟ್ಟುಕೊಳ್ಳಿ: ವೇಗ ಶೇ 4 ಹೆಚ್ಚು, ಶಾಖ ಸುಮಾರು ಶೇ 22 ಹೆಚ್ಚು. ಅದನ್ನು ಹೊರಗೆ ಹಾಕುವುದು ಫ್ಯಾನ್. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಹತ್ತಿರ ಹತ್ತಿರ 15 ಡೆಸಿಬೆಲ್ ಇಳಿಯುತ್ತದೆ. ಅಂಥದ್ದೇ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಒಂದೇ ಫ್ಯಾನನ್ನು ಜೋರಾಗಿ ಓಡಿಸುವುದಕ್ಕಿಂತ ಎರಡು ಮೂರನ್ನು ನಿಧಾನವಾಗಿ ತಿರುಗಿಸುವುದೇ ಸರಿ.

ಪ್ರೊಸೆಸರ್ ಎಎಮ್‌ಡಿ ಕಂಪನಿಯ ರೈಜೆನ್ 5 7600ಎಕ್ಸ್. ಕಾರ್ಖಾನೆಯ ಮಿತಿ 142 ವ್ಯಾಟ್. ಇಂಟೆಲ್ ಬೇಕೆನ್ನುವವರು ಓವರ್‌ಕ್ಲಾಕಿಗೆ ತೆರೆದ 'ಕೆ' ಮಾದರಿಯ ಜೊತೆ 'ಝಡ್' ಚಿಪ್‌ಸೆಟ್ಟಿನ ಮದರ್‌ಬೋರ್ಡನ್ನೂ ಕೊಳ್ಳಬೇಕು. ಇಂಟೆಲ್‌ನ 'ಬಿ' ಬೋರ್ಡಿನಲ್ಲಿ ರ‍್ಯಾಮ್ ವೇಗ ಏರಿಸಬಹುದು, ಪ್ರೊಸೆಸರಿನ ವೇಗ ನಿರ್ಧರಿಸುವ ಮಲ್ಟಿಪ್ಲೈಯರ್ ಏರಿಸಲಾಗದು. ಎಎಮ್‌ಡಿಯಲ್ಲಿ ಬಿ650 ಚಿಪ್‌ಸೆಟ್ಟಿನ ಬೋರ್ಡ್ ಸಾಕು. ಎ620 ಬೇಡ, ಪ್ರೊಸೆಸರ್ ಓವರ್‌ಕ್ಲಾಕ್ ಅದರಲ್ಲಿಲ್ಲ. ಬೋರ್ಡ್ ಆರಿಸುವಾಗ ಅಲಂಕಾರದ ದೀಪ ಬಿಟ್ಟು ಮೂರನ್ನು ನೋಡಿ: ಪ್ರೊಸೆಸರಿಗೆ ವೋಲ್ಟೇಜ್ ಹೊಂದಿಸಿ ಕೊಡುವ ಭಾಗದ (ವಿಆರ್‌ಎಮ್) ಮೇಲೆ ದಪ್ಪ ಹೀಟ್‌ಸಿಂಕ್, ಫ್ಯಾನಿನ ತಂತಿ ಸಿಕ್ಕಿಸಲು ಕನಿಷ್ಠ ಐದು ಹೆಡರ್, ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಬರೆಯುವ ಗುಂಡಿ.

ರ‍್ಯಾಮ್ 16 ಜಿಬಿಯ ಎರಡು ಕಡ್ಡಿ, ಡಿಡಿಆರ್5-6000 (ವೇಗ), ಸಿಎಲ್30 (ಉತ್ತರಿಸಲು ಹಿಡಿಯುವ ತಡದ ಅಂಕಿ). ಮುಂದೆ ಬೇಕಾದರೆ ಇನ್ನೆರಡು ಹಾಕೋಣ ಎಂಬ ಯೋಚನೆಯನ್ನು ಇಲ್ಲಿ ಬಿಡಬೇಕು. ಈ ಪ್ರೊಸೆಸರಿಗೆ ಎಎಮ್‌ಡಿ ಹೇಳುವ ವೇಗ ಎರಡು ಕಡ್ಡಿಗೆ 5200, ನಾಲ್ಕಕ್ಕೆ ಬರೀ 3600. 6000ಕ್ಕೆ ಏರಿಸುವ ಎಕ್ಸ್‌ಪೋ ಸೆಟ್ಟಿಂಗ್ ಆನ್ ಮಾಡಿದ ಮೇಲೆ, ಪ್ರೊಸೆಸರಿನೊಳಗೆ ಮೆಮೊರಿ ನಿಯಂತ್ರಿಸುವ ಭಾಗದ (ಎಸ್‌ಒಸಿ) ವೋಲ್ಟೇಜ್ 1.30 ದಾಟಿಲ್ಲ ಎಂದು ಬಯೋಸಿನಲ್ಲಿ ಕಣ್ಣಾರೆ ನೋಡಿಕೊಳ್ಳಬೇಕು.

ಕೂಲರ್ ನಾಕ್ಟುವಾ ಎನ್‌ಎಚ್-ಡಿ15. ಎತ್ತರ 165 ಮಿಲಿಮೀಟರ್, ಕ್ಯಾಬಿನೆಟ್ಟಿನ ಒಳಜಾಗವನ್ನು ಮೊದಲೇ ಅಳೆಯಿರಿ. ಎರಡೂ ಫ್ಯಾನ್ ಹಾಕಿದರೆ ಕೆಳಗೆ ರ‍್ಯಾಮಿಗೆ ಉಳಿಯುವುದು 32 ಮಿಲಿಮೀಟರ್; ಎತ್ತರದ ರ‍್ಯಾಮ್ ಇದ್ದರೆ ಮುಂದಿನ ಫ್ಯಾನನ್ನು ಮೇಲೆ ಸರಿಸಬೇಕು, ಆಗ 165ರ ಲೆಕ್ಕ ಕೆಡುತ್ತದೆ. ಎಎಮ್‌ಡಿಯ ಹಿಂದಿನ ಸಾಕೆಟ್ ಎಎಮ್4ರ ಹಳೆಯ ಕೂಲರನ್ನೇ ಉಳಿಸಿಕೊಳ್ಳುವವರು ಹಿಂಬದಿ ತಟ್ಟೆ ನೋಡಿ: ಬೋರ್ಡಿನ ಮೂಲ ತಟ್ಟೆಗೆ ಸ್ಕ್ರೂ ಹಾಕುವಂಥದ್ದು ಈ ಪ್ರೊಸೆಸರಿನ ಸಾಕೆಟ್ ಎಎಮ್5ಗೂ ಕೂರುತ್ತದೆ, ತನ್ನದೇ ತಟ್ಟೆ ತರುವಂಥದ್ದು ಕೂರದು, ಏಕೆಂದರೆ ಎಎಮ್5ನಲ್ಲಿ ಆ ತಟ್ಟೆ ಸಾಕೆಟ್ಟನ್ನೂ ಹಿಡಿದಿರುತ್ತದೆ. ನೀರಿನ ಕೂಲರ್ ಬೇಡವೆಂದದ್ದು ಪಂಪಿನ ಕಾರಣಕ್ಕೆ. ಕೆಲಸವಿಲ್ಲದಾಗಲೂ ಅದು ಗುಂಯ್‌ಗುಡುತ್ತದೆ.

ಕಿವಿಗೆ ಕಿರಿಕಿರಿ ಸದ್ದಿನ ಮಟ್ಟಕ್ಕಿಂತ ಅದರ ಏರಿಳಿತದಿಂದ. ಬ್ರೌಸರ್ ತೆರೆದ ಕ್ಷಣ ರೈಜೆನ್ ತಾಪ ಹತ್ತಾರು ಡಿಗ್ರಿ ಜಿಗಿದು ಮತ್ತೆ ಇಳಿಯುತ್ತದೆ, ಫ್ಯಾನ್ ಅದರ ಬೆನ್ನು ಹತ್ತುತ್ತದೆ. ಅದಕ್ಕೇ ಫ್ಯಾನ್ ವೇಗದ ನಕ್ಷೆಯಲ್ಲಿ 70 ಡಿಗ್ರಿವರೆಗೆ 600 ಆರ್‌ಪಿಎಮ್ಮಿನಲ್ಲಿ ಸಪಾಟು ಗೆರೆ, 85ಕ್ಕೆ 1000, ವೇಗ ಬದಲಾಗಲು ನಾಲ್ಕೈದು ಸೆಕೆಂಡು ತಡ. ಕ್ಯಾಬಿನೆಟ್ ಫ್ಯಾನ್‌ಗಳನ್ನು ಪ್ರೊಸೆಸರಿಗಲ್ಲ, ಗ್ರಾಫಿಕ್ಸ್ ಕಾರ್ಡಿನ ತಾಪಕ್ಕೆ ಕಟ್ಟಬೇಕು. ಒಳಗಿನ ಗಾಳಿಯನ್ನು ಹೆಚ್ಚು ಕಾಯಿಸುವುದು ಅದೇ. ಫ್ಯಾನ್‌ಕಂಟ್ರೋಲ್ ತಂತ್ರಾಂಶದಲ್ಲಿ ಇದು ಸುಲಭ.

ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ 750 ವ್ಯಾಟ್, ಗೋಲ್ಡ್ ದಕ್ಷತೆಯದ್ದು, ಕಡಿಮೆ ಲೋಡಿನಲ್ಲಿ ಫ್ಯಾನ್ ನಿಲ್ಲುವಂಥದ್ದು.

ಈಗ ಓವರ್‌ಕ್ಲಾಕ್. ಪ್ರೊಸೆಸರಿನೊಳಗಿನ ಲೆಕ್ಕದ ಘಟಕಗಳಾದ ಎಲ್ಲ ಕೋರ್‌ಗಳಿಗೂ ಒಂದೇ ವೇಗ ಕಟ್ಟುವ ಹಳೆಯ ಕ್ರಮ ಇಲ್ಲಿ ನಷ್ಟದ್ದೇ: ಒಂಟಿ ಕೋರ್ ಮುಟ್ಟುವ ಮೇಲಿನ ವೇಗ ಕೈತಪ್ಪುತ್ತದೆ. ಎಎಮ್‌ಡಿಯ ಸ್ವಯಂಚಾಲಿತ ಓವರ್‌ಕ್ಲಾಕ್ ಆದ ಪಿಬಿಒ ಆನ್ ಮಾಡಿ, ತಾಪದ ಮಿತಿಯನ್ನು 95ರಿಂದ 85ಕ್ಕೆ ಇಳಿಸಿ, ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರಿನಲ್ಲಿ ಎಲ್ಲ ಕೋರಿಗೂ ಮೈನಸ್ 10 ಕೊಡಿ. ಅಲ್ಲಿಂದ ಐದೈದರಂತೆ ಕೆಳಕ್ಕೆ. ವೋಲ್ಟೇಜ್ ಇಳಿದಷ್ಟೂ ಅದೇ ವ್ಯಾಟಿನಲ್ಲಿ ಹೆಚ್ಚು ವೇಗ ಸಿಗುತ್ತದೆ, ಫ್ಯಾನಿಗೂ ಕೆಲಸ ಹೆಚ್ಚುವುದಿಲ್ಲ. ಎಡವುವುದು ಪೂರ್ತಿ ಲೋಡಿನಲ್ಲಲ್ಲ. ಒಂದೇ ಕೋರ್ ತುತ್ತತುದಿಯ ವೇಗಕ್ಕೆ ಏರುವ ಹಗುರ ಕೆಲಸದಲ್ಲಿ ಯಂತ್ರ ಸುಮ್ಮನೆ ರೀಸ್ಟಾರ್ಟ್ ಆಗುತ್ತದೆ. ಎಲ್ಲ ಕೋರ್‌ಗಳನ್ನೂ ದುಡಿಸುವ ಸಿನೆಬೆಂಚ್ ಪರೀಕ್ಷೆಯನ್ನು ಗಂಟೆಗಟ್ಟಲೆ ಓಡಿಸಿದರೆ ಇದು ಸಿಗುವುದೇ ಇಲ್ಲ. ಕೋರ್‌ಸೈಕ್ಲರ್ ತಂತ್ರಾಂಶ ಒಂದೊಂದೇ ಕೋರನ್ನು ಹಿಂಡುತ್ತದೆ, ರಾತ್ರಿಯಿಡೀ ಬಿಡಿ. ಬೆಳಗ್ಗೆ ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ 'ವ್ಹೀಯಾ' (ಹಾರ್ಡ್‌ವೇರ್) ದೋಷ ಹುಡುಕಿ. ಸೋತ ಕೋರಿಗೆ ಮಾತ್ರ ಐದು ಹಿಂದಕ್ಕೆ, ಸೊನ್ನೆಯ ಕಡೆಗೆ. ಸಾಮಾನ್ಯವಾಗಿ ಮೊದಲು ಸೋಲುವುದು ಅತ್ಯುತ್ತಮ ಎಂದು ಗುರುತಾದ ಎರಡು ಕೋರ್‌ಗಳೇ, ವೋಲ್ಟೇಜ್ ಇಳಿಸಲು ಕಾರ್ಖಾನೆಯಿಂದಲೇ ಅವುಗಳಲ್ಲಿ ಉಳಿಕೆ ಕಡಿಮೆ.

ಜೋಡಿಸಿ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಅದು ರ‍್ಯಾಮಿನ ಟ್ರೇನಿಂಗ್, ಅಂದರೆ ಬೋರ್ಡ್ ಅದರ ಜೊತೆ ಹೊಂದಿಕೊಳ್ಳುವ ಹೊತ್ತು. ಬೋರ್ಡಿನ ಡಿರ‍್ಯಾಮ್ ದೀಪ ಉರಿಯುತ್ತಿರುವಷ್ಟು ಹೊತ್ತು ಸ್ವಿಚ್ ಮುಟ್ಟಬೇಡಿ.