ಡಾಂಬರು ಸೀಳುವ ಶಾರ್ಕ್‌ಗಳು

ಅಮೆರಿಕಕ್ಕೆ ಬಂದ ಹೊಸದರಲ್ಲಿ ಆಫೀಸಿನ ಕೆಲಸವಾಗಲಿ, ಇಂಗ್ಲಿಷಾಗಲಿ ನನ್ನನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಊಟದ ಹೊತ್ತಿನ ಹರಟೆ. ನನ್ನ ವಯಸ್ಸಿನವರು ನಾಲ್ಕು ಜನ ಸೇರಿದರೆ ಸಾಕು, ಮಾತು ಚಿಕ್ಕಂದಿನ ಕಾರ್ಟೂನ್‌ಗಳ ಕಡೆ ಹೊರಳುತ್ತಿತ್ತು. ಅವರೆಲ್ಲ ಬಿದ್ದು ಬಿದ್ದು ನಗುವಾಗ ನಾನು ಸುಮ್ನೆ ತಲೆಯಾಡಿಸುತ್ತಾ ಮೊಸರನ್ನ ತಿನ್ನುತ್ತಿದ್ದೆ.

ಹಾಗೆ ಕಿವಿಗೆ ಬಿದ್ದ ಹೆಸರು 'ಸ್ಟ್ರೀಟ್ ಶಾರ್ಕ್ಸ್'. 1994ರಲ್ಲಿ ಶುರುವಾದ ಕಾರ್ಟೂನ್ ಇದು. ಕುತೂಹಲಕ್ಕೆ ಹುಡುಕಿ ನೋಡಿದೆ. ಬೋಲ್ಟನ್ ಮನೆಯ ನಾಲ್ವರು ಅಣ್ಣತಮ್ಮಂದಿರು. ಡಾಕ್ಟರ್ ಪ್ಯಾರಡೈಮ್ ಅನ್ನುವ ದುಷ್ಟ ವಿಜ್ಞಾನಿ ಅವರ ಜೀನ್ ತಿರುಚಿ, ಅರ್ಧ ಮನುಷ್ಯ ಅರ್ಧ ಶಾರ್ಕ್ ಮಾಡಿಬಿಡುತ್ತಾನೆ. ಗ್ರೇಟ್ ವೈಟ್ ಶಾರ್ಕ್ ಆದವನು ರಿಪ್‌ಸ್ಟರ್. ಸುತ್ತಿಗೆ ತಲೆಯವನು ಜ್ಯಾಬ್. ಟೈಗರ್ ಶಾರ್ಕ್ ಸ್ಟ್ರೀಕ್ಸ್‌ನ ಕಾಲಿಗೆ ಚಕ್ರದ ಬೂಟು ಬೇರೆ! ಸಮುದ್ರದ ಪ್ರಾಣಿಗಳಾದರೂ ಇವರ ಓಡಾಟವೆಲ್ಲ ಊರ ಬೀದಿಯಲ್ಲೇ. ಡಾಂಬರು ರಸ್ತೆ ಸೀಳಿಕೊಂಡು ನೆಲದೊಳಗೇ ಈಜುತ್ತಾರೆ. ಮೇಲೆ ಬೆನ್ನಿನ ಈಜುರೆಕ್ಕೆ ಮಾತ್ರ ಕಾಣುತ್ತದೆ. ಆ ರಸ್ತೆ ರಿಪೇರಿ ಖರ್ಚು ಯಾರದ್ದು ಅಂತ ಯಾರೂ ಕೇಳುವುದಿಲ್ಲ. ಇವರಿಗೆ ಹ್ಯಾಂಬರ್ಗರ್ ಅಂದರೆ ಪ್ರಾಣ, ಪಿಜ್ಜಾ ಕಂಡರೆ ಆಗದು. ಆಗ ಮನೆಮಾತಾಗಿದ್ದ ಇನ್ನೊಂದು ಕಾರ್ಟೂನಿನ, ಪಿಜ್ಜಾ ಅಂದರೆ ಪ್ರಾಣ ಬಿಡುವ ನಿಂಜಾ ಆಮೆಗಳ ಕಾಲೆಳೆದದ್ದು ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತದೆ.

ನನಗೆ ತುಂಬಾ ನಗು ಬಂದಿದ್ದು ನಾಲ್ಕನೆಯವನನ್ನು ನೋಡಿ. ಬಿಗ್ ಸ್ಲ್ಯಾಮು ಒಬ್ಬ ವೇಲ್ ಶಾರ್ಕ್. ನಿಜವಾದ ವೇಲ್ ಶಾರ್ಕ್ ಮೀನುಗಳಲ್ಲೆಲ್ಲ ದೊಡ್ಡದು, ಆದರೆ ತೀರಾ ಸಾಧು. ಬಾಯಿ ತೆರೆದುಕೊಂಡು ನೀರಿನಲ್ಲಿರುವ ಸಣ್ಣಪುಟ್ಟ ಜೀವಿಗಳನ್ನು ಸೋಸಿ ತಿನ್ನುತ್ತದೆ. ನಮ್ಮ ಗುಜರಾತಿನ ಕರಾವಳಿಗೂ ಬರುತ್ತದೆ, 2001ರಿಂದ ನಮ್ಮಲ್ಲಿ ಅದನ್ನು ಹಿಡಿಯುವಂತಿಲ್ಲ. ಅಂಥ ಪಾಪದ ಮೀನನ್ನು ಗೋಡೆ ಒಡೆಯುವ ಪೈಲ್ವಾನ ಮಾಡಿದ್ದಾರಲ್ಲ!

ಅದಕ್ಕೂ ಕಾರಣವಿದೆ. ಸಾಧು ಮೀನಿನ ಗೊಂಬೆಯನ್ನು ಯಾವ ಹುಡುಗ ಕೊಳ್ಳುತ್ತಾನೆ? 1984ರಲ್ಲಿ ಇಲ್ಲಿನ ಸರ್ಕಾರ ಮಕ್ಕಳ ಟಿವಿಯ ಜಾಹೀರಾತಿನ ನಿಯಮ ಸಡಿಲಿಸಿತು. ಆಮೇಲೆ ಕಾರ್ಟೂನೂ ಆಟಿಕೆಯೂ ಜೋಡಿಯಾಗಿಯೇ ಬರತೊಡಗಿದವು. ಈ ಶಾರ್ಕ್ ಗೊಂಬೆಗಳನ್ನು ಮಾರಿದ್ದು ಮ್ಯಾಟೆಲ್ ಅನ್ನುವ ಆಟಿಕೆ ಕಂಪನಿ. ವಿನ್ ಡೀಸೆಲ್ ಗೊತ್ತಲ್ಲ, ಸಿನಿಮಾದಲ್ಲಿ ಹೆಸರು ಮಾಡುವ ಮೊದಲು ಅವನು ಆಟಿಕೆ ಮೇಳದಲ್ಲಿ ಈ ಗೊಂಬೆಗಳನ್ನು ಆಡಿಸಿ ತೋರಿಸುವ ವಿಡಿಯೋ ಇದೆ. ಬಿಡುವಿದ್ದಾಗ ನೋಡಿ, ಚೆನ್ನಾಗಿದೆ.

ನಮ್ಮ ಕಾಲದಲ್ಲಿ ಏನಿತ್ತು? ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಹಿಂದಿ 'ಡಕ್‌ಟೇಲ್ಸ್'. ಅರ್ಧಂಬರ್ಧ ಅರ್ಥವಾಗುತ್ತಿತ್ತು, ಆದರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದೆವು. ಒಮ್ಮೆ ಇದನ್ನು ಹೇಳಿದೆ ನೋಡಿ, ಊಟದ ಮೇಜೇ ನನ್ನ ಕಡೆ ತಿರುಗಿತು. ಅದು ಅವರದ್ದೇ ಕಾರ್ಟೂನ್ ಅಲ್ವಾ! ಅದರಲ್ಲಿನ ಜಿಪುಣ ಬಾತುಕೋಳಿ ಸ್ಕ್ರೂಜ್ ಹಿಂದಿಯಲ್ಲಿ ಹೇಗೆ ಬೈತಾನೆ ಅಂತ ಎಲ್ಲರಿಗೂ ಕೇಳಬೇಕಿತ್ತು. ನನಗೆ ನೆನಪಿದ್ದ ಹಿಂದಿಯನ್ನೆಲ್ಲ ಅಲ್ಲೇ ಖಾಲಿ ಮಾಡಿದೆ.

2024ರಲ್ಲಿ ಮೂವತ್ತು ವರ್ಷವಾಯಿತು ಅಂತ ಮ್ಯಾಟೆಲ್ ಆ ಶಾರ್ಕ್ ಗೊಂಬೆಗಳನ್ನು ಮತ್ತೆ ಹೊರತಂದಿತು. ನಮ್ಮ ಟೀಮಿನ ಒಬ್ಬ ರಿಪ್‌ಸ್ಟರ್ ಕೊಂಡಿದ್ದಾನೆ. ಡಬ್ಬಿ ಮಾತ್ರ ಒಡೆದಿಲ್ಲ. ಅವನ ಮಗ ಅದನ್ನು ಮುಟ್ಟುವಂತೆಯೂ ಇಲ್ಲ.