ಚಿತ್ರದೊಳಗಿನ ನಾಯಿಯ ಮೂಗು

ನಮ್ಮ ಮನೆಯ, ಚಪ್ಪಟೆ ಮುಖದ ಪಗ್ ತಳಿಯ ನಾಯಿ ಬಟ್ಟೆಯ ಬೊಂಬೆಯೊಂದನ್ನು ಬಾಯಲ್ಲಿ ಕಚ್ಚಿಕೊಂಡು, ಗದ್ದವನ್ನು ದಿಂಬಿನ ಮೇಲೆ ಎತ್ತರಿಸಿ ಇಟ್ಟುಕೊಂಡು ನಿದ್ದೆ ಹೋಗುತ್ತಿತ್ತು. ಆ ಭಂಗಿಯ ಫೋಟೊ ತೆಗೆದು ನೆಂಟರಿಗೂ ಗೆಳೆಯರಿಗೂ ಕಳಿಸಿದ್ದೆ. ನೋಡಿದವರೆಲ್ಲ ಎಷ್ಟು ಮುದ್ದಾಗಿದೆ ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಲಸಿಕೆಗೆಂದು ಕರೆದೊಯ್ದಿದ್ದ ದಿನ ಪಶುವೈದ್ಯರು ಆ ಫೋಟೊ ನೋಡಿ, ಮೂಗಿನಿಂದ ಸಾಕಷ್ಟು ಉಸಿರು ಬಾರದ ನಾಯಿ ಬಾಯಿ ಮುಚ್ಚಿಹೋಗದಿರಲೆಂದು ಹೀಗೆ ಏನಾದರೂ ಕಚ್ಚಿಕೊಂಡು ಮಲಗುವುದುಂಟು ಎಂದು ವಿವರಿಸಿದಾಗ, ನಾನು ಇಷ್ಟು ದಿನ ನೋಡುತ್ತಿದ್ದದ್ದು ಚಿತ್ರವನ್ನೇ ಹೊರತು ನಾಯಿಯನ್ನಲ್ಲ ಎಂಬುದು ಅರಿವಾಯಿತು.

ಅಂದಿನಿಂದ ಕಲಾಕೃತಿಗಳಲ್ಲಿರುವ ಪ್ರಾಣಿಗಳನ್ನೂ ನಾನು ಬೇರೆ ರೀತಿ ನೋಡತೊಡಗಿದೆ. ವಿಲಿಯಂ ಹೋಗಾರ್ತ್ ಎಂಬ ಇಂಗ್ಲಿಷ್ ಚಿತ್ರಕಾರ 1745ರಲ್ಲಿ ತನ್ನ ಪಗ್ ನಾಯಿಯೊಂದಿಗೆ ಬರೆದುಕೊಂಡ ಸ್ವಚಿತ್ರವೊಂದು ಲಂಡನ್ನಿನ ಟೇಟ್ ಎಂಬ ಕಲಾಸಂಗ್ರಹದಲ್ಲಿದೆ. ಅದರಲ್ಲಿ ಚಿತ್ರಕಾರನ ಮುಖವಿರುವುದು ಪುಸ್ತಕಗಳ ಮೇಲೆ ಇಟ್ಟ ಅಂಡಾಕಾರದ ಕ್ಯಾನ್ವಾಸಿನಲ್ಲಿ, ಅಂದರೆ ಚಿತ್ರದೊಳಗಿನ ಇನ್ನೊಂದು ಚಿತ್ರವಾಗಿ. ಟ್ರಂಪ್ ಎಂಬ ಹೆಸರಿನ ಅವನ ನಾಯಿಯಾದರೋ ಆ ಕ್ಯಾನ್ವಾಸಿನ ಹೊರಗೆ, ಮುಂಭಾಗದಲ್ಲಿ, ಜೀವಂತವಾಗಿ ಕುಳಿತಿದೆ. ತನ್ನನ್ನು ಬರಿಯ ಬಣ್ಣವೆಂದೂ ನಾಯಿಯನ್ನು ಜೀವವೆಂದೂ ಕಾಣಿಸಿದ ಆ ನಿರ್ಧಾರ ನನಗೆ ಬಹಳ ಪ್ರಿಯವಾದದ್ದು. ಆದರೆ ಈಗ ನನ್ನ ಕಣ್ಣು ಮೊದಲು ಹೋಗುವುದು ಆ ನಾಯಿಯ ಮೂತಿಯ ಕಡೆಗೆ. ಅದಕ್ಕೆ ಮೂತಿ ಎಂಬುದೊಂದಿದೆ! ಮೂಗು ಕಣ್ಣುಗಳಿಗಿಂತ ಸ್ಪಷ್ಟವಾಗಿ ಮುಂದೆ ಬಂದಿದೆ, ಕಾಲುಗಳೂ ಇಂದಿನ ಪಗ್ಗಿನ ಕಾಲುಗಳಿಗಿಂತ ನೀಳವಾಗಿವೆ. ಹೆಸರು ಹೇಳದಿದ್ದರೆ ಅದೇ ತಳಿಯೆಂದು ಗುರುತಿಸಲು ಹಲವರಿಗೆ ಕಷ್ಟವಾದೀತು.

ಇಂದಿನ ಪಗ್ಗಿನ ಮುಖ ತಾನಾಗಿ ಚಪ್ಪಟೆಯಾದದ್ದಲ್ಲ. ದುಂಡನೆಯ ತಲೆ, ದೊಡ್ಡ ಕಣ್ಣು, ಮಗುವಿನಂಥ ಮುಖ ನೋಡಲು ಚೆನ್ನ ಎಂಬ ಕಾರಣಕ್ಕೆ ತಲೆಮಾರಿನಿಂದ ತಲೆಮಾರಿಗೆ ಅಂಥ ನಾಯಿಗಳನ್ನೇ ಆರಿಸಿ ಮರಿ ಹಾಕಿಸಿದ ಫಲ ಅದು. ತಲೆಬುರುಡೆಯ ಮೂಳೆ ಗಿಡ್ಡವಾಯಿತು, ಒಳಗಿನ ಮಾಂಸಲ ಭಾಗಗಳು ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಹೀಗಾಗಿ ಅಂಗುಳಿನ ಹಿಂಭಾಗದ ಮೃದುವಾದ ಪದರ ಗಂಟಲಿಗೆ ಜೋತು ಗಾಳಿಯ ದಾರಿಗೆ ಅಡ್ಡ ಬರುತ್ತದೆ, ಮೂಗಿನ ಹೊಳ್ಳೆಗಳು ಸೀಳುಗಳಂತೆ ಕಿರಿದಾಗಿರುತ್ತವೆ. ನಾಯಿ ಮುಖ್ಯವಾಗಿ ಮೈಯ ಬಿಸಿ ಕಳೆದುಕೊಳ್ಳುವುದು ತೇಕುವುದರಿಂದ; ಉಸಿರಾಟವೇ ಕಷ್ಟವಾದ ನಾಯಿಗೆ ಸಾಧಾರಣ ಸೆಖೆಯೂ ಪ್ರಾಣಕ್ಕೆ ಎರವಾಗಬಹುದು. ಕಣ್ಣಿನ ಗುಳಿ ಆಳವಿಲ್ಲದ್ದರಿಂದ ಕಣ್ಣಿಗೆ ಗಾಯವಾಗುತ್ತದೆ, ಮುಖದ ಮಡಿಕೆಗಳಲ್ಲಿ ತೇವ ನಿಂತು ಚರ್ಮ ಕೆಡುತ್ತದೆ. ನಾವು ಗೊರಕೆ ಎಂದು ಕರೆದು ನಗುತ್ತಿದ್ದದ್ದು ಈ ಇಕ್ಕಟ್ಟಿನ ದಾರಿಯಲ್ಲಿ ಗಾಳಿ ನುಗ್ಗುವ ಸದ್ದು.

ಇದೇ ಹೋಗಾರ್ತ್ 1751ರಲ್ಲಿ ಕ್ರೌರ್ಯದ ನಾಲ್ಕು ಹಂತಗಳನ್ನು ತೋರಿಸುವ ಮುದ್ರಣಚಿತ್ರಗಳನ್ನು ಹೊರತಂದ. ಲಂಡನ್ನಿನ ಬೀದಿಗಳಲ್ಲಿ ಪ್ರಾಣಿಗಳು ಅನುಭವಿಸುತ್ತಿದ್ದ ಹಿಂಸೆಯನ್ನು ಸ್ವಲ್ಪವಾದರೂ ತಡೆಯಬೇಕೆಂಬುದು ಅವನ ಉದ್ದೇಶವಾಗಿತ್ತು. ಮೊದಲನೆಯ ಚಿತ್ರದಲ್ಲಿ ಹುಡುಗರು ನಾಯಿ, ಬೆಕ್ಕು, ಹಕ್ಕಿಗಳನ್ನು ಹಿಂಸಿಸುತ್ತಿದ್ದಾರೆ; ಆ ಗುಂಪಿನ ನಡುವೆ ಒಬ್ಬ ಹುಡುಗ ಮಾತ್ರ ನಾಯಿಯನ್ನು ಬಿಟ್ಟುಬಿಡಿ ಎನ್ನುವಂತೆ ತನ್ನ ತಿಂಡಿಯನ್ನೇ ಕೊಡಲು ಮುಂದಾಗಿದ್ದಾನೆ. ಕಾನೂನು ಆ ಹುಡುಗನಷ್ಟು ಬೇಗ ಎಚ್ಚೆತ್ತುಕೊಳ್ಳಲಿಲ್ಲ. ಬ್ರಿಟನ್ನಿನಲ್ಲಿ 1822ರ ಕಾಯಿದೆ ದನ, ಕುದುರೆ, ಕುರಿಗಳಂಥ ಪ್ರಾಣಿಗಳಿಗೆ ರಕ್ಷಣೆ ಕೊಟ್ಟಿತಾದರೂ ನಾಯಿಯ ಸರದಿ ಬಂದದ್ದು 1835ರಲ್ಲಿ.

ಇಟಲಿಯ ಪ್ರಾಚೀನ ಪೊಂಪೈ ನಗರದ ನಾಯಿಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅಲ್ಲಿನ ಮನೆಯೊಂದರ ಬಾಗಿಲಲ್ಲಿ, ನಾಯಿಯಿದೆ ಎಚ್ಚರಿಕೆ ಎಂಬ ಲ್ಯಾಟಿನ್ ಬರಹದೊಡನೆ, ಸರಪಳಿ ಬಿಗಿದ ಕಪ್ಪು ನಾಯಿಯ ಮೊಸಾಯಿಕ್ ಚಿತ್ರ, ಅಂದರೆ ಚಿಕ್ಕ ಕಲ್ಲುಚೂರುಗಳನ್ನು ಜೋಡಿಸಿ ಮಾಡಿದ ಚಿತ್ರವಿದೆ. ಸೊಗಸಾದ ಕೆಲಸ, ಪ್ರವಾಸಿಗರು ಸಂತೋಷದಿಂದ ನೋಡುವ ಚಿತ್ರ. ಅದೇ ನಗರದ ಇನ್ನೊಂದು ಮನೆಯಲ್ಲಿ, ಕ್ರಿ.ಶ. 79ರ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ನಿಜವಾದ ನಾಯಿಯೊಂದರ ಮೈ ಬಿಟ್ಟುಹೋದ ಪೊಳ್ಳಿಗೆ ಗಾರೆ ಸುರಿದು 1874ರಲ್ಲಿ ಅಚ್ಚು ತೆಗೆಯಲಾಯಿತು. ಕಟ್ಟಿಹಾಕಿದ್ದರಿಂದ ತಪ್ಪಿಸಿಕೊಳ್ಳಲಾಗದೆ ಬೆನ್ನು ತಿರುಚಿ, ಕಾಲುಗಳನ್ನು ಮೇಲೆತ್ತಿ ಸತ್ತ ನಾಯಿ ಅದು. ಕತ್ತಿನ ಪಟ್ಟಿ ಇನ್ನೂ ಕಾಣುತ್ತದೆ. ಮೊಸಾಯಿಕ್ಕಿನಲ್ಲಿ ಅಲಂಕಾರದಂತೆ ತೋರುವ ಸರಪಳಿ ಏನೆಂಬುದು ಈ ಅಚ್ಚನ್ನು ನೋಡಿದ ಮೇಲೆಯೇ ತಿಳಿಯುವುದು.

ಹಾಗೆಂದು ಪ್ರಾಣಿಗಳ ಚಿತ್ರ ಬರೆಯಬಾರದು, ಫೋಟೊ ತೆಗೆಯಬಾರದು ಎಂದು ನಾನು ಹೇಳುತ್ತಿಲ್ಲ. ಮೂಗಿಲ್ಲದ ಮುಖವೇ ಅಂದವೆಂದು ಕ್ಯಾಲೆಂಡರು, ಜಾಹೀರಾತು, ಶುಭಾಶಯ ಪತ್ರಗಳು ಮತ್ತೆ ಮತ್ತೆ ತೋರಿಸುವುದರಿಂದ ಅಂಥ ಮರಿಗಳಿಗೇ ಬೇಡಿಕೆ ಹೆಚ್ಚುತ್ತದೆ ಎಂಬುದಷ್ಟೇ ನನ್ನ ಆತಂಕ. ಮರಿ ತರಲು ಹೊರಟವರು ಅದರ ಫೋಟೊ ನೋಡಿ ಮನಸೋಲುವ ಮೊದಲು ತಾಯಿನಾಯಿಯನ್ನು ನಾಲ್ಕು ಹೆಜ್ಜೆ ಓಡಿಸಿ, ಅದರ ಉಸಿರನ್ನು ಕಿವಿಗೊಟ್ಟು ಕೇಳಲಿ.

ನಮ್ಮ ನಾಯಿಯ ಹೊಳ್ಳೆಗಳನ್ನು ಅಗಲಿಸಿ, ಅಂಗುಳಿನ ಹೆಚ್ಚುವರಿ ಭಾಗವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಆಯಿತು. ಕತ್ತುಪಟ್ಟಿಯ ಬದಲು ಎದೆಗೆ ಹಾಕುವ ಪಟ್ಟಿ ತಂದಿದ್ದೇವೆ, ತೂಕ ಏರದಂತೆ ಊಟ ಅಳೆದು ಹಾಕುತ್ತೇವೆ, ಬಿಸಿಲೇರುವ ಮೊದಲೇ ತಿರುಗಾಡಿಸಿ ತಂದು ಮುಖದ ಮಡಿಕೆಗಳನ್ನು ಒದ್ದೆಬಟ್ಟೆಯಿಂದ ಒರೆಸಿ ಒಣಗಿಸುತ್ತೇವೆ. ಈಗ ಅದು ಗದ್ದವನ್ನು ನೆಲಕ್ಕೆ ಊರಿ, ಬಾಯಿ ಮುಚ್ಚಿಕೊಂಡು ಮಲಗುತ್ತದೆ. ಬೊಂಬೆ ರಾತ್ರಿಯಿಡೀ ಮಂಚದ ಕೆಳಗೆ ಬಿದ್ದಿರುತ್ತದೆ.