ಅದು ಬದನಿಕೆ ಅಲ್ಲ, ಮರ ಒಣಗಲ್ಲ

ತುಮಕೂರಿನ ನಮ್ಮ ಮನೆ ಮುಂದೆ ಒಂದು ಮಾವಿನ ಮರ ಇದೆ. ಅದರ ಕಾಂಡದಲ್ಲಿ, ಎದೆಯೆತ್ತರಕ್ಕೆ, ಒಂದು ವಂಡಾ ಆರ್ಕಿಡ್ ಅಂಟಿಕೊಂಡಿದೆ. ಗೇಟು ತೆಗೆದು ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ. "ಬದನಿಕೆ ಹಾಗೇ ಬಿಟ್ಟಿದ್ದೀರಲ್ಲ, ಮರ ಒಣಗಲ್ವಾ?" ಅಂತ ಕೇಳುತ್ತಾರೆ. ಹಾಲಿನವರು, ಮೀಟರ್ ನೋಡೋರು, ನೆಂಟರು, ಎಲ್ಲರದ್ದೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಒಣಗಲ್ಲ.

ಬದನಿಕೆಯ ಹಣ್ಣನ್ನು ಪುಟ್ಟ ಹಕ್ಕಿಗಳು ತಿಂದು, ಅಂಟಂಟು ಬೀಜವನ್ನು ಕೊಂಬೆಯ ಮೇಲೆ ಬಿಟ್ಟು ಹೋಗುತ್ತವೆ. ಅದು ಅಲ್ಲೇ ಮೊಳೆತು ಕೊಂಬೆಯೊಳಕ್ಕೆ ಬೇರು ತೂರಿಸಿ ಮರದ ನೀರನ್ನೇ ಕುಡಿಯುತ್ತದೆ. ಆರ್ಕಿಡ್ ಬೇರು ತೊಗಟೆಯ ಮೇಲೆ ಹರಿದಾಡುತ್ತದೆ, ಒಳಗೆ ಇಳಿಯುವುದಿಲ್ಲ. ಗೋಡೆ ಮೇಲಿನ ಹಲ್ಲಿ ಗೋಡೆ ತಿನ್ನುತ್ತದಾ?

ಈ ತಪ್ಪು ಇವತ್ತಿನದಲ್ಲ. ಸಂಸ್ಕೃತದಲ್ಲಿ 'ವಂದಾ' ಅಂದರೆ ಮರದ ಮೇಲೆ ಬದುಕುವ ಬದನಿಕೆಯಂಥ ಗಿಡ. 1820ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಈ ಆರ್ಕಿಡ್‌ಗಳ ಕುಲಕ್ಕೆ ಅದೇ ಹೆಸರನ್ನು ಗಟ್ಟಿ ಮಾಡಿದ. ನನ್ನ ಗಿಡದ ಪೂರ್ತಿ ಹೆಸರು ವಂಡಾ ಟೆಸೆಲೇಟಾ. ಹೆಸರಲ್ಲೇ ಅಪವಾದ ಹೊತ್ತುಕೊಂಡಿದೆ, ಪಾಪ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ. ಉತ್ತರ ಕೇಳುವ ಮೊದಲೇ ಕೈ ಹಾಕುತ್ತಾರಲ್ಲ, ಅದಕ್ಕೆ. ಆರು ವರ್ಷದ ಹಿಂದೆ ಮಧುಗಿರಿಯಲ್ಲಿ ಒಂದು ಮದುವೆ ಅಂತ ನಾಲ್ಕು ದಿನ ಮನೆಯಲ್ಲಿರಲಿಲ್ಲ. ವಾಪಸ್ ಬಂದಾಗ ಕಾಂಡ ಬೋಳಾಗಿತ್ತು. ಮನೆ ನೋಡಿಕೊಳ್ಳಲು ಬಂದಿದ್ದ ಹತ್ತಿರದ ನೆಂಟರೊಬ್ಬರು ಮಚ್ಚಿನಲ್ಲಿ ಕೆತ್ತಿ ತೆಗೆದಿದ್ದರು. "ನಿಮ್ಮ ಮರ ಉಳಿಸಿದೆ ನೋಡಿ" ಅಂದರು. ತುಂಬ ಪ್ರೀತಿಯಿಂದಲೇ ಅಂದರು. ನನಗೆ ಮಾತೇ ಹೊರಡಲಿಲ್ಲ. ಗಿಡ ತಿಪ್ಪೆಯಲ್ಲಿ ಸಿಕ್ಕಿತು. ಹದಿನಾಲ್ಕು ಬೇರಿನಲ್ಲಿ ಮೂರು ಉಳಿದಿದ್ದವು.

ಹಳೇ ಪಂಚೆ ಹರಿದು ಅದೇ ಜಾಗಕ್ಕೆ ಕಟ್ಟಿದೆ. ಬೇರಿನ ಸುತ್ತ ತೆಂಗಿನ ನಾರು ತೆಳ್ಳಗೆ ಇಟ್ಟೆ. ನಮ್ಮ ಜಿಲ್ಲೆಯಲ್ಲಿ ನಾರಿಗೇನು ಬರ? ಮಣ್ಣು ಮಾತ್ರ ಒಂದು ಚಿಟಿಕೆಯೂ ಬೇಡ. ಇದರ ಬೇರಿಗೆ ಗಾಳಿ ಬೇಕು, ಮಣ್ಣಲ್ಲಿ ಹೂತರೆ ಕೊಳೆಯುತ್ತದೆ. ದಿನಾ ಬೆಳಿಗ್ಗೆ ಬೇರಿಗೆ ನೀರು ಚಿಮುಕಿಸುತ್ತಾ ಕೂತೆ. ಅದನ್ನು ಹತ್ತಿರದಿಂದ ನೋಡಬೇಕು ನೀವು. ಒಣ ಬೇರು ಬೂದಿ ಬಳಿದ ಹಾಗೆ ಬೆಳ್ಳಗಿರುತ್ತದೆ. ಆ ಬಿಳಿ ಪದರ ಸತ್ತ ಕೋಶಗಳ ಸ್ಪಂಜು. ನೀರು ಬಿದ್ದ ಕೂಡಲೇ ಹೀರಿಕೊಂಡು ತಿಳಿಯಾಗುತ್ತದೆ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ಬೆಳ್ಳಗಿದ್ದ ಬೇರು ಕಣ್ಣೆದುರೇ ಹಸಿರಾಗುತ್ತದೆ. ಹಸಿರಾದರೆ ಸಾಕು, ನಿಲ್ಲಿಸಿ. ಮತ್ತೆ ಬೆಳ್ಳಗಾದ ಮೇಲೆ ಹಾಕಿ. ಬೇಸಿಗೆಯಲ್ಲಿ ನಾನು ದಿನಕ್ಕೆ ಎರಡು ಸಲ ಹಾಕುತ್ತೇನೆ. ಸಂಜೆ ಮಾತ್ರ ನಡುಸುಳಿಯಲ್ಲಿ ನೀರು ನಿಲ್ಲಬಾರದು, ಸುಳಿ ಕೊಳೆತರೆ ಗಿಡ ಹೋದ ಹಾಗೇ.

ನಮ್ಮ ಬೋರ್‌ವೆಲ್ ನೀರು ಹಾಕಿದಾಗ ಬೇರಿನ ಮೇಲೆ ಬಿಳಿ ಉಪ್ಪು ಕಟ್ಟಿತು. ಆಮೇಲೆ ಡ್ರಮ್ಮಿನಲ್ಲಿ ಹಿಡಿದ ಮಳೆ ನೀರು, ಅದು ಮುಗಿದರೆ ನಲ್ಲಿಯ ಹೇಮಾವತಿ ನೀರು. ಬೆಳಗಿನ ಬಿಸಿಲು ಚೆನ್ನಾಗಿ ಬೀಳಬೇಕು, ಮಧ್ಯಾಹ್ನ ಮಾವಿನ ನೆರಳಿದೆ. ಅಂಗಡಿಯ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ), ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಇಷ್ಟೇ.

ಎರಡು ಬೇಸಿಗೆ ಕಳೆದ ಮೇಲೆ ಹೂ ಬಂತು. ಹಸಿರು ಹಳದಿ ದಳ, ಅದರ ಮೇಲೆ ಕಂದು ಗೆರೆಗಳ ಬಲೆ, ನಡುವೆ ತುಟಿಯ ಹಾಗೆ ಚಾಚಿದ ನೇರಳೆ ದಳ. ಹಿಂದಿನಿಂದ ನೋಡಿದರೆ ಬಿಳಿ. ಒಳ್ಳೆ ಪರಿಮಳ.

ಯಾರಾದರೂ ಒಮ್ಮೆ "ಇಂಥ ಗಿಡ ಮರದ ತುದಿಗೆ ಹೇಗೆ ಹತ್ತುತ್ತದೆ?" ಅಂತ ಕೇಳಲಿ ಅಂತ ನನಗೆ ಆಸೆ. ಈ ಗಿಡ ನನಗೆ ಮೊದಲು ಸಿಕ್ಕಿದ್ದು ರಸ್ತೆ ಅಗಲ ಮಾಡಲು ಕಡಿದು ಮಲಗಿಸಿದ್ದ ಹುಣಸೆ ಮರದ ಮೇಲ್ಕೊಂಬೆಯಲ್ಲಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಗಾಳಿಯಲ್ಲಿ ತೇಲಿ ಹೋಗುತ್ತದೆ. ಆದರೆ ಅದರೊಳಗೆ ಬುತ್ತಿ ಇಲ್ಲ. ರಾಗಿ ಕಾಳಿನಲ್ಲಿ ಮೊಳಕೆಗೆ ಬೇಕಾದ ಹಿಟ್ಟು ಇರುತ್ತದಲ್ವಾ, ಇದರಲ್ಲಿ ಅದಿಲ್ಲ. ಬಿದ್ದ ತೊಗಟೆಯಲ್ಲಿ ಸರಿಯಾದ ಒಂದು ಬೂಷ್ಟು ಇರಬೇಕು. ಅದು ಬೀಜದೊಳಕ್ಕೆ ನುಗ್ಗಿ ಊಟ ಕೊಟ್ಟರೆ ಮಾತ್ರ ಗಿಡ. ಆ ಬೂಷ್ಟಿನ ಬದಲು ಸಕ್ಕರೆ ಬೆರೆಸಿದ ಅಗರ್ (ಕಡಲ ಪಾಚಿಯಿಂದ ಮಾಡಿದ ಗಟ್ಟಿ ಲೋಳೆ) ಮೇಲೆ ಬೀಜ ಮೊಳೆಯಿಸಬಹುದು ಅಂತ 1922ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ ತೋರಿಸಿದ. ನರ್ಸರಿಗಳ ಆರ್ಕಿಡ್ ಬಾಟಲಿಯಲ್ಲಿ ಹುಟ್ಟುವುದು ಹೀಗೆ.

ಹಾಗಾಗಿ ಈ ಗಿಡ ಯಾರ ಅನ್ನವನ್ನಾದರೂ ಉಂಡಿದ್ದರೆ ಅದು ಕಣ್ಣಿಗೆ ಕಾಣದ ಆ ಬೂಷ್ಟಿನದ್ದು, ಮರದ್ದಲ್ಲ. ಸಾವಿರ ಸಾವಿರ ಬೀಜದಲ್ಲಿ ಒಂದು ಬದುಕಿದರೆ ಹೆಚ್ಚು. ದಯವಿಟ್ಟು ಕಾಡಿಗೆ ಹೋದಾಗ ಮರದಿಂದ ಕಿತ್ತು ತರಬೇಡಿ. ಬೇಕಿದ್ದರೆ ನರ್ಸರಿಯಲ್ಲಿ ಬಾಟಲಿಯಿಂದ ಬೆಳೆದದ್ದು ತಗೊಳ್ಳಿ.

ಈ ವರ್ಷ ನನ್ನ ಗಿಡದಲ್ಲಿ ಎರಡು ಕಾಯಿ ಕಟ್ಟಿವೆ. ಕಿರುಬೆರಳಿನಷ್ಟು, ಏಣು ಏಣಾಗಿ. ಇನ್ನೂ ಹಸಿರು. ಕೀಳುವುದಿಲ್ಲ, ಮರದಲ್ಲೇ ಒಡೆಯಲು ಬಿಡುತ್ತೇನೆ. ಪಕ್ಕದ ಕೊಂಬೆಯ ತೊಗಟೆ ಒರಟಾಗಿದೆ, ಮಳೆಗಾಲದಲ್ಲಿ ತೇವವೂ ನಿಲ್ಲುತ್ತದೆ.